66 ಯೂನಿಟ್ ಇದ್ದರೂ ಅರ್ಜಿ ಹಾಕಲಾಗಲಿಲ್ಲ: ಒಂದು ಟ್ರಾನ್ಸ್‌ಫರ್ ಪ್ರಕರಣ

ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷ ಓದಿ ಅಸೋಸಿಯೇಟ್ ಡಿಗ್ರಿ ತೆಗೆದುಕೊಂಡರೆ, ವಿಶ್ವವಿದ್ಯಾಲಯಕ್ಕೆ ಟ್ರಾನ್ಸ್‌ಫರ್ ಆಗಿ ಇನ್ನೆರಡು ವರ್ಷದಲ್ಲಿ ಬ್ಯಾಚುಲರ್ಸ್ ಮುಗಿಯುತ್ತದೆ. ಇಲ್ಲಿನ ಕನ್ನಡಿಗರ ಮನೆಗಳಲ್ಲಿ ಈ ಲೆಕ್ಕ ತುಂಬಾ ಕೇಳಿಬರುತ್ತದೆ. ಎಷ್ಟೋ ಜನರ ವಿಷಯದಲ್ಲಿ ಅದು ನಿಜವೂ ಆಗುತ್ತದೆ. ನನಗೆ ಪರಿಚಯದ ಒಬ್ಬ ಹೆಣ್ಣುಮಗಳ ವಿಷಯದಲ್ಲಿ ಮಾತ್ರ ಆಗಲಿಲ್ಲ. ಎಲ್ಲಿ ತಪ್ಪಿತು, ಅವರು ಅದನ್ನು ಹೇಗೆ ಸರಿಮಾಡಿಕೊಂಡರು ಅನ್ನೋದನ್ನು ಅವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಊರು, ಕಾಲೇಜು, ವಿಶ್ವವಿದ್ಯಾಲಯಗಳ ಹೆಸರು ಬಿಟ್ಟಿದ್ದೇನೆ. ಮನೆಯ ಕೆಲವು ವಿವರ ಬದಲಿಸಿದ್ದೇನೆ. ಯೂನಿಟ್‌ಗಳ (ಕೋರ್ಸ್ ಮುಗಿಸಿದರೆ ಸಿಗುವ ಕ್ರೆಡಿಟ್‌ಗಳ) ಲೆಕ್ಕ ಮಾತ್ರ ಇದ್ದ ಹಾಗೇ ಇದೆ, ಯಾಕೆಂದರೆ ಈ ಪ್ರಕರಣದ ಜೀವವೇ ಆ ಲೆಕ್ಕ.

ಹಿನ್ನೆಲೆ

ಅವರು ಹಾಸನದ ಕಡೆಯವರು. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ. ಪಿಯುಸಿಯಲ್ಲಿ ಕಾಮರ್ಸ್, ಅದರಲ್ಲಿ ಗಣಿತ ಇರಲಿಲ್ಲ. ಬಿ.ಕಾಂ. ಎರಡು ವರ್ಷ ಮುಗಿಸಿದ್ದಾಗ ಮದುವೆಯಾಯಿತು. ಗಂಡ ಎಚ್-1ಬಿ ಎಂಬ ಕೆಲಸದ ವೀಸಾದಲ್ಲಿದ್ದರು, ಅವರ ಜೊತೆ ಕುಟುಂಬದವರಿಗೆ ಸಿಗುವ ಎಚ್-4 ವೀಸಾದಲ್ಲಿ ಬೇ ಏರಿಯಾಕ್ಕೆ ಬಂದರು. ಇಬ್ಬರು ಮಕ್ಕಳು. ಚಿಕ್ಕವನು ಶಾಲೆಗೆ ಹೋಗಲು ಶುರು ಮಾಡಿದ ಮೇಲೆ ಮನೆಗೆ ಹತ್ತಿರದ ಕಮ್ಯುನಿಟಿ ಕಾಲೇಜಿಗೆ ಸೇರಿದರು.

ಎಚ್-4ನಲ್ಲಿ ಇರುವವರು ಓದಬಹುದು, ಅದಕ್ಕೆ ಬೇರೆ ವೀಸಾ ಬೇಡ. ಕ್ಯಾಲಿಫೋರ್ನಿಯಾದ ನಿವಾಸಿ ಎಂದು ದಾಖಲೆ ತೋರಿಸಿದರೆ ಕಮ್ಯುನಿಟಿ ಕಾಲೇಜಿನ ಶುಲ್ಕ ಯೂನಿಟ್‌ಗೆ 46 ಡಾಲರ್. ಫೆಡರಲ್ ಸರ್ಕಾರದ ಧನಸಹಾಯ ಈ ವೀಸಾದವರಿಗೆ ಸಿಗುವುದಿಲ್ಲ. ಹಾಗಾಗಿ ಮೊದಲ ಎರಡು ವರ್ಷದ ಓದನ್ನು ಇಲ್ಲಿ ಮುಗಿಸುವುದು ಕೈಗೆಟುಕುವ ದಾರಿ.

ಆ ಕಾಲೇಜಿನಲ್ಲಿ ಅವರ ಮುಂದೆ ಎರಡು ಡಿಗ್ರಿ ಇದ್ದವು. ಒಂದು ಅಕೌಂಟಿಂಗ್‌ನಲ್ಲಿ ಎ.ಎಸ್., ಅಂದರೆ ಅಸೋಸಿಯೇಟ್ ಡಿಗ್ರಿ. ಇನ್ನೊಂದು ಬಿಸಿನೆಸ್ ಅಡ್ಮಿನಿಸ್ಟ್ರೇಷನ್‌ನಲ್ಲಿ ಎ.ಎಸ್.-ಟಿ. ಕೊನೆಯ ಆ ‘ಟಿ’ ಅಂದರೆ ಟ್ರಾನ್ಸ್‌ಫರ್. ಅವರು ಮೊದಲನೆಯದನ್ನು ಆರಿಸಿಕೊಂಡರು. ಆಗ ಅವರಿಗೆ ಬೇಕಿದ್ದದ್ದು ಕೆಲಸ. ಪೇರೋಲ್ (ಸಂಬಳದ ಲೆಕ್ಕ), ಕ್ವಿಕ್‌ಬುಕ್ಸ್ (ಲೆಕ್ಕ ಇಡುವ ಸಾಫ್ಟ್‌ವೇರ್), ಇನ್‌ಕಮ್ ಟ್ಯಾಕ್ಸ್ ಕಲಿತರೆ ಬುಕ್‌ಕೀಪರ್ ಕೆಲಸ ಸಿಗುತ್ತದೆ ಎಂದು ಕೌನ್ಸೆಲರ್ ಹೇಳಿದ್ದರು. ಆ ಮಾತು ನಿಜವಾಯಿತು. ಕೆಲಸದ ಪರವಾನಗಿ ಬಂದ ಮೇಲೆ ಒಂದು ಸಣ್ಣ ಕಂಪನಿಯಲ್ಲಿ ಅರೆಕಾಲಿಕ ಕೆಲಸವೂ ಸಿಕ್ಕಿತು. ಆ ಆಯ್ಕೆ ತಪ್ಪು ಎಂದು ನಾನು ಹೇಳುವುದಿಲ್ಲ. ಆ ಗುರಿಗೆ ಅದು ಸರಿಯಾದ ಡಿಗ್ರಿ. ಆಮೇಲೆ ಬದಲಾದದ್ದು ಗುರಿ.

2021ರ ಮೇ ತಿಂಗಳಲ್ಲಿ ಡಿಗ್ರಿ ಕೈಗೆ ಬಂತು. ಕೆಲಸದ ಜಾಗದಲ್ಲಿ ಸಿಪಿಎ (ನಮ್ಮ ಸಿಎ ಥರದ ಪರವಾನಗಿ ಪಡೆದ ಅಕೌಂಟೆಂಟ್) ಆದವರ ಜವಾಬ್ದಾರಿ, ಸಂಬಳ ಎರಡನ್ನೂ ನೋಡಿದಾಗ ತಾವೂ ಸಿಪಿಎ ಆಗಬೇಕು ಅನ್ನಿಸಿತು. ಅದಕ್ಕೆ ಬ್ಯಾಚುಲರ್ಸ್ ಬೇಕು. ಹತ್ತಿರದಲ್ಲೇ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ, ಅಂದರೆ ಸಿಎಸ್‌ಯುನ ಒಂದು ಕ್ಯಾಂಪಸ್ ಇತ್ತು. ಅಲ್ಲಿ ಅಕೌಂಟಿಂಗ್ ಓದಲು ಅರ್ಜಿ ಹಾಕುವ ತಯಾರಿ ಶುರುವಾಯಿತು.

ಸಮಸ್ಯೆ

ಸಿಎಸ್‌ಯು ಟ್ರಾನ್ಸ್‌ಫರ್ ವಿದ್ಯಾರ್ಥಿಗಳನ್ನು ಸಾಮಾನ್ಯವಾಗಿ ಮೂರನೇ ವರ್ಷಕ್ಕೆ ತೆಗೆದುಕೊಳ್ಳುತ್ತದೆ. ಅದಕ್ಕೆ ಟ್ರಾನ್ಸ್‌ಫರ್ ಆಗಬಲ್ಲ 60 ಸೆಮಿಸ್ಟರ್ ಯೂನಿಟ್ ಬೇಕು. ಜೊತೆಗೆ ‘ಗೋಲ್ಡನ್ ಫೋರ್’ ಎಂದು ಎಲ್ಲರೂ ಕರೆಯುವ ನಾಲ್ಕು ಕೋರ್ಸ್‌ಗಳಲ್ಲಿ ಸಿ-ಮೈನಸ್ ಅಥವಾ ಅದಕ್ಕಿಂತ ಒಳ್ಳೆಯ ಗ್ರೇಡ್ ಇರಬೇಕು: ಮಾತುಗಾರಿಕೆ, ಇಂಗ್ಲಿಷ್ ಬರವಣಿಗೆ, ಕ್ರಿಟಿಕಲ್ ಥಿಂಕಿಂಗ್ (ತರ್ಕಬದ್ಧ ಯೋಚನೆ), ಗಣಿತ ಅಥವಾ ಸ್ಟ್ಯಾಟಿಸ್ಟಿಕ್ಸ್.

ಅವರ ಟ್ರಾನ್ಸ್‌ಕ್ರಿಪ್ಟಿನಲ್ಲಿ (ಕೋರ್ಸ್‌ಗಳ ಅಂಕಪಟ್ಟಿಯಲ್ಲಿ) 66 ಯೂನಿಟ್ ಇದ್ದವು. ಇನ್ನೇನು ಬೇಕು ಅಲ್ವಾ? ಆದರೆ ಟ್ರಾನ್ಸ್‌ಫರ್ ಕೌನ್ಸೆಲರ್ ಜೊತೆ ಕೂತು ಒಂದೊಂದೇ ಕೋರ್ಸ್ ನೋಡಿದಾಗ ಆ ಅಂಕಿ ಕರಗುತ್ತಾ ಹೋಯಿತು. ಶುರುವಿನಲ್ಲಿ ತೆಗೆದುಕೊಂಡಿದ್ದ ಎರಡು ಇಂಗ್ಲಿಷ್ ಭಾಷಾ ಕೋರ್ಸ್‌ಗಳು, 8 ಯೂನಿಟ್. ಪೇರೋಲ್ 3. ಕ್ವಿಕ್‌ಬುಕ್ಸ್ 2. ಉದ್ಯೋಗ ಯೋಜನೆಯ ಒಂದು ಚಿಕ್ಕ ಕೋರ್ಸ್ 1. ಈ ಕಾಲೇಜಿನ ಪಟ್ಟಿಯಲ್ಲಿ ಇವು ಯಾವುವೂ ಸಿಎಸ್‌ಯುಗೆ ಹೋಗುವ ಕೋರ್ಸ್‌ಗಳಲ್ಲ. ಒಟ್ಟು 14 ಯೂನಿಟ್ ಹೊರಗೆ ಬಿದ್ದವು. ಉಳಿದದ್ದು 52. ಕ್ರಿಟಿಕಲ್ ಥಿಂಕಿಂಗ್ ಕೋರ್ಸ್ ಅವರು ಮಾಡಿರಲೇ ಇಲ್ಲ, ಅಕೌಂಟಿಂಗ್ ಎ.ಎಸ್.ಗೆ ಅದು ಬೇಕಾಗಿರಲಿಲ್ಲ. ಅಂದರೆ ಡಿಗ್ರಿ ಇತ್ತು, ಆದರೆ ಅರ್ಜಿ ಹಾಕುವ ಅರ್ಹತೆ ಇರಲಿಲ್ಲ.

ಅವರು ಅವತ್ತು ಸಂಜೆ ನನಗೆ ಫೋನ್ ಮಾಡಿ, “ಅಕ್ಕಾ, ಡಿಗ್ರಿ ಕೊಟ್ಟಿರೋದು ಕಾಲೇಜೇ ತಾನೇ? ಮತ್ತೆ ಅದನ್ನ ಲೆಕ್ಕಕ್ಕೇ ತಗೊಳ್ಳಲ್ಲ ಅಂದ್ರೆ ಹೆಂಗೆ?” ಎಂದು ಕೇಳಿದರು. ಈ ಪ್ರಶ್ನೆ ಅವರೊಬ್ಬರದ್ದಲ್ಲ. ನಮ್ಮ ಕಡೆ ಡಿಪ್ಲೊಮಾ ಮುಗಿಸಿ ಡಿಸಿಇಟಿ ಬರೆದವರು ನೇರವಾಗಿ ಬಿಇ ಎರಡನೇ ವರ್ಷಕ್ಕೆ ಸೇರುತ್ತಾರೆ. ಅಲ್ಲಿ ಡಿಪ್ಲೊಮಾವನ್ನು ಇಡಿಯಾಗಿ ನೋಡುತ್ತಾರೆ. ಅದನ್ನು ಕಂಡು ಬೆಳೆದವರಿಗೆ ಇಲ್ಲಿಯೂ ಡಿಗ್ರಿ ಇಡಿಯಾಗಿ ಹೋಗುತ್ತದೆ ಅನ್ನಿಸುವುದು ಸಹಜ. ಇಲ್ಲಿ ಡಿಗ್ರಿ ಹೋಗುವುದಿಲ್ಲ, ಕೋರ್ಸ್‌ಗಳು ಹೋಗುತ್ತವೆ, ಅದೂ ಒಂದೊಂದಾಗಿ. ಇಡಿಯಾಗಿ ಹೋಗುವುದಕ್ಕೆ ಹತ್ತಿರದ್ದು ಆ ‘ಟಿ’ ಇರುವ ಡಿಗ್ರಿ ಮಾತ್ರ. 2010ರಲ್ಲಿ ಕ್ಯಾಲಿಫೋರ್ನಿಯಾ ಶಾಸನಸಭೆ ಎಸ್‌ಬಿ 1440 ಎಂಬ ಕಾನೂನು ಮಾಡಿ ಅದನ್ನು ಹುಟ್ಟುಹಾಕಿತು. ಅದನ್ನು ಪಡೆದವರಿಗೆ ಸಿಎಸ್‌ಯುನ ಯಾವುದಾದರೂ ಒಂದು ಕ್ಯಾಂಪಸ್‌ನಲ್ಲಿ ಸೀಟು ಖಾತ್ರಿ. ಅದೇ ಬಗೆಯ ಮೇಜರ್ (ಡಿಗ್ರಿಯ ಮುಖ್ಯ ವಿಷಯ) ಓದಿದರೆ ಇನ್ನು 60 ಯೂನಿಟ್‌ಗಿಂತ ಜಾಸ್ತಿ ಕೇಳುವಂತಿಲ್ಲ.

ಇನ್ನೂ ಒಂದು ಪದರ ಉಳಿದಿತ್ತು. ಹೋಗುವ 52 ಯೂನಿಟ್ ಬ್ಯಾಚುಲರ್ಸ್‌ನ ಯಾವ ಖಾನೆಗೆ ಬೀಳುತ್ತವೆ? ಕ್ಯಾಲಿಫೋರ್ನಿಯಾದ ಸರ್ಕಾರಿ ಕಾಲೇಜುಗಳ ನಡುವಿನ ಒಪ್ಪಂದಗಳೆಲ್ಲ ಅಸಿಸ್ಟ್ ಎಂಬ ತಾಣದಲ್ಲಿ ಇವೆ. ನಿಮ್ಮ ಕಾಲೇಜು, ಹೋಗಬೇಕಾದ ಕ್ಯಾಂಪಸ್, ಮೇಜರ್ ಮೂರನ್ನೂ ಕೊಟ್ಟರೆ ಯಾವ ಕೋರ್ಸಿಗೆ ಯಾವುದು ಸಮ ಎಂದು ತೋರಿಸುತ್ತದೆ. ನಾವಿಬ್ಬರೂ ಅದನ್ನು ತೆರೆದು ಕಾಗದದ ಮೇಲೆ ಮೂರು ಖಾನೆ ಬರೆದೆವು.

ಮೇಜರ್‌ನ ತಯಾರಿ ಕೋರ್ಸ್‌ಗಳಿಗೆ ನೇರವಾಗಿ ಸೇರಿದ್ದು 18 ಯೂನಿಟ್: ಫೈನಾನ್ಷಿಯಲ್ ಅಕೌಂಟಿಂಗ್, ಮ್ಯಾನೇಜೀರಿಯಲ್ ಅಕೌಂಟಿಂಗ್, ಬಿಸಿನೆಸ್ ಲಾ, ಮೈಕ್ರೊ ಎಕನಾಮಿಕ್ಸ್, ಸ್ಟ್ಯಾಟಿಸ್ಟಿಕ್ಸ್. ಸಾಮಾನ್ಯ ಶಿಕ್ಷಣದ ಖಾನೆಗೆ 16: ಇಂಗ್ಲಿಷ್, ಮಾತುಗಾರಿಕೆ, ಮನಃಶಾಸ್ತ್ರ, ಕಲೆಯ ಇತಿಹಾಸ, ಲ್ಯಾಬ್ ಸಮೇತ ಜೀವಶಾಸ್ತ್ರ. ಉಳಿದ 18 ಯೂನಿಟ್ ಬರೀ ಐಚ್ಛಿಕ, ಅಂದರೆ ಯಾವ ಅವಶ್ಯಕತೆಯನ್ನೂ ತೀರಿಸದವು. ಅವರು ತುಂಬಾ ಕಷ್ಟಪಟ್ಟು ಓದಿದ್ದ ಇಂಟರ್ಮೀಡಿಯಟ್ ಅಕೌಂಟಿಂಗ್, ಕಾಸ್ಟ್ ಅಕೌಂಟಿಂಗ್, ಇನ್‌ಕಮ್ ಟ್ಯಾಕ್ಸ್ ಮೂರೂ ಈ ಕೊನೆಯ ಖಾನೆಗೇ ಬಿದ್ದವು. ವಿಶ್ವವಿದ್ಯಾಲಯದಲ್ಲಿ ಇವು ಮೂರನೇ, ನಾಲ್ಕನೇ ವರ್ಷದ ಕೋರ್ಸ್‌ಗಳು. ಕಮ್ಯುನಿಟಿ ಕಾಲೇಜಿನಲ್ಲಿ ಮಾಡಿದ ಯಾವ ಕೋರ್ಸಿಗೂ ಸಿಎಸ್‌ಯು ಮೇಲಿನ ವರ್ಷದ ಯೂನಿಟ್ ಕೊಡುವುದಿಲ್ಲ. ಪುಸ್ತಕ ಒಂದೇ ಆಗಿದ್ದರೂ ನಿಯಮ ನಿಯಮವೇ.

66ರಲ್ಲಿ ನಿಜವಾಗಿ ಕೆಲಸಕ್ಕೆ ಬಂದದ್ದು 34. ಇದು ಅವರೊಬ್ಬರ ದುರದೃಷ್ಟ ಅಂದುಕೊಳ್ಳಬೇಡಿ. ಅಮೆರಿಕ ಸರ್ಕಾರದ ಲೆಕ್ಕಪರಿಶೋಧನಾ ಸಂಸ್ಥೆ ಜಿಎಒ 2017ರಲ್ಲಿ ಒಂದು ವರದಿ ಕೊಟ್ಟಿತು. 2004ರಿಂದ 2009ರ ನಡುವೆ ಕಾಲೇಜು ಬದಲಿಸಿದವರು ಸರಾಸರಿ 43 ಶೇಕಡಾ ಕ್ರೆಡಿಟ್ ಕಳೆದುಕೊಂಡರು ಎಂಬುದು ಅದರ ಅಂದಾಜು.

ಮೂರು ದಾರಿ

ಮೊದಲು ಕಣ್ಣಿಗೆ ಬಿದ್ದದ್ದು ಒಂದು ಖಾಸಗಿ ಆನ್‌ಲೈನ್ ವಿಶ್ವವಿದ್ಯಾಲಯ. ಫೋನಿನಲ್ಲಿ ಮಾತಾಡಿದವರು “ನಿಮ್ಮ 66 ಯೂನಿಟ್ಟೂ ತೆಗೆದುಕೊಳ್ಳುತ್ತೇವೆ” ಎಂದರು. ಮನೆಯಲ್ಲಿ ಎಲ್ಲರಿಗೂ ಖುಷಿಯಾಯಿತು. ಶುಲ್ಕ ಕಟ್ಟುವ ಮುಂಚೆ ಒಂದೇ ಒಂದು ಪ್ರಶ್ನೆ ಕೇಳಲು ನಾನು ಹೇಳಿದೆ: ತೆಗೆದುಕೊಂಡ ಮೇಲೆ ಡಿಗ್ರಿ ಮುಗಿಸಲು ಇನ್ನೆಷ್ಟು ಯೂನಿಟ್ ಬಾಕಿ, ಬರೆದು ಕೊಡಿ. ಬಂದ ಉತ್ತರದಲ್ಲಿ ಬಾಕಿ 72 ಎಂದಿತ್ತು. ಹೆಚ್ಚಿನವನ್ನು ಐಚ್ಛಿಕ ಖಾನೆಗೇ ಹಾಕಿದ್ದರು. ಶುಲ್ಕವೂ ಸಿಎಸ್‌ಯುಗಿಂತ ಬಹಳ ಜಾಸ್ತಿ. ಅಲ್ಲಿಗೆ ಆ ದಾರಿ ಮುಗಿಯಿತು. ಈ ಪ್ರಕರಣದಲ್ಲಿ ಅತಿ ಹೆಚ್ಚು ಹಣ ಉಳಿಸಿದ್ದು ಈ ಒಂದು ಪ್ರಶ್ನೆ ಎಂದು ನಾನು ಖಂಡಿತವಾಗಿ ಹೇಳುತ್ತೇನೆ.

ಎರಡನೆಯದು ಬಿ.ಕಾಂ. ದಾರಿ. “ಅಲ್ಲಿ ಎರಡು ವರ್ಷ ಓದಿದ್ದು ಸುಮ್ನೆ ಹೋಗಬಾರದು” ಎಂದು ಅವರ ಗಂಡ ಪಟ್ಟು ಹಿಡಿದರು. ಹಾಸನದಲ್ಲಿದ್ದ ಆಕೆಯ ತಮ್ಮ, ಮಾರ್ಕ್ಸ್ ಕಾರ್ಡ್‌ಗಳನ್ನು ಹಿಡಿದು ವಿಶ್ವವಿದ್ಯಾಲಯಕ್ಕೆ ಓಡಾಡಿದ. ಟ್ರಾನ್ಸ್‌ಕ್ರಿಪ್ಟ್ ಸೀಲ್ ಮಾಡಿದ ಕವರಿನಲ್ಲಿ ಬರಬೇಕಿತ್ತು, ಅದಕ್ಕೆ ತಿಂಗಳುಗಳೇ ಹಿಡಿದವು. ಬಂದ ಮೇಲೆ ಕೋರ್ಸ್‌ವಾರು ಮೌಲ್ಯಮಾಪನ ಮಾಡಿಸಿದರು. ಒಂದಷ್ಟು ಯೂನಿಟ್ ಸಿಗುವ ಹಾಗಿತ್ತು, ಆದರೆ ಬಹುಪಾಲು ಮತ್ತೆ ಅದೇ ಐಚ್ಛಿಕ ಖಾನೆಗೆ. 60ರ ಅಂಕಿಯನ್ನು ಅವು ಮುಟ್ಟಿಸಬಹುದಿತ್ತು. ಕ್ರಿಟಿಕಲ್ ಥಿಂಕಿಂಗ್ ಕೋರ್ಸಿನ ಜಾಗವನ್ನು ತುಂಬುವಂಥದ್ದು ಬಿ.ಕಾಂ.ನಲ್ಲಿ ಏನೂ ಇರಲಿಲ್ಲ.

ಆದರೂ ಆ ಓಡಾಟ ವ್ಯರ್ಥವಾಗಲಿಲ್ಲ. ಸಿಎಸ್‌ಯು ಅರ್ಜಿಯಲ್ಲಿ ಹಿಂದೆ ಓದಿದ ಎಲ್ಲ ಕಾಲೇಜುಗಳನ್ನೂ ತೋರಿಸಬೇಕು, ಹೊರದೇಶದ್ದೂ ಸೇರಿ. ಅರ್ಧಕ್ಕೆ ಬಿಟ್ಟದ್ದನ್ನು ಹೇಳದಿದ್ದರೆ ಏನಾಗುತ್ತೆ ಎಂದು ಸಲಹೆ ಕೊಡುವವರು ನಮ್ಮವರಲ್ಲೇ ಇದ್ದಾರೆ. ದಯವಿಟ್ಟು ಆ ಮಾತು ಕೇಳಬೇಡಿ. ಮುಚ್ಚಿಟ್ಟದ್ದು ಗೊತ್ತಾದರೆ ಸಿಕ್ಕ ಸೀಟೇ ಹೋಗಬಹುದು. ಅವರು ಬಿ.ಕಾಂ.ನ ಎರಡೂ ವರ್ಷವನ್ನು ತೋರಿಸಿದರು, ಟ್ರಾನ್ಸ್‌ಕ್ರಿಪ್ಟ್ ಕೇಳಿದ ದಿನವೇ ಕೊಡಲು ಆಯಿತು.

ಮೂರನೆಯದು, ಮತ್ತೆ ಅದೇ ಕಮ್ಯುನಿಟಿ ಕಾಲೇಜಿಗೆ ಹೋಗಿ ಎ.ಎಸ್.-ಟಿ ಪೂರೈಸುವುದು. ಡಿಗ್ರಿ ಇರುವವರು ಮತ್ತೊಂದು ಡಿಗ್ರಿಗೆ ಅಲ್ಲೇ ಕೂರುವುದು ಅವರಿಗೆ ಮುಜುಗರ ಅನ್ನಿಸಿತು. ಹಿಂದೆ ಹೋದ ಹಾಗಾಗುತ್ತೆ ಎಂದು ಕೆಲವು ವಾರ ಯೋಚಿಸಿದರು. ಲೆಕ್ಕ ಮಾಡಿದಾಗ, ಮುಂದೆ ಹೇಳುವ ಕ್ಯಾಲ್ಕುಲಸ್ ಕೂಡ ಸೇರಿ, ಬೇಕಿದ್ದದ್ದು 25 ಯೂನಿಟ್. ಈಗಾಗಲೇ ಇದ್ದ ಎರಡೂ ಅಕೌಂಟಿಂಗ್ ಕೋರ್ಸ್, ಬಿಸಿನೆಸ್ ಲಾ, ಮೈಕ್ರೊ ಎಕನಾಮಿಕ್ಸ್ ಹೊಸ ಡಿಗ್ರಿಯ ತಿರುಳಿಗೆ ಹಾಗೇ ಬಂದವು. 2021ರ ಕೊನೆಗೆ ಅವರು ಇದನ್ನೇ ಆರಿಸಿಕೊಂಡರು.

ಕ್ಯಾಲ್ಕುಲಸ್

2022ರ ವಸಂತ ಸೆಮಿಸ್ಟರಿನಲ್ಲಿ ಕ್ರಿಟಿಕಲ್ ಥಿಂಕಿಂಗ್, ಮ್ಯಾಕ್ರೊ ಎಕನಾಮಿಕ್ಸ್, ಎಥ್ನಿಕ್ ಸ್ಟಡೀಸ್ (ಅಮೆರಿಕದ ಜನಾಂಗೀಯ ಸಮುದಾಯಗಳ ಅಧ್ಯಯನ) ತೆಗೆದುಕೊಂಡರು. ಕೊನೆಯದು ಸಿಎಸ್‌ಯುನಲ್ಲಿ 2021ರಿಂದ ಹೊಸದಾಗಿ ಕಡ್ಡಾಯವಾದ 3 ಯೂನಿಟ್. ಹಳೇ ಪಟ್ಟಿ ನೋಡಿಕೊಂಡು ಕೂತಿದ್ದರೆ ಇದು ತಪ್ಪಿಹೋಗುತ್ತಿತ್ತು. ಕ್ರಿಟಿಕಲ್ ಥಿಂಕಿಂಗ್ ಮೊದಲು ಮಾಡಿದ್ದಕ್ಕೂ ಕಾರಣವಿದೆ. ಗೋಲ್ಡನ್ ಫೋರ್‌ನಲ್ಲಿ ಒಂದು ಬಾಕಿ ಇದ್ದರೂ ಉಳಿದ ಯಾವುದೂ ಲೆಕ್ಕಕ್ಕಿಲ್ಲ. ಆ ಸೆಮಿಸ್ಟರ್ ಮುಗಿಯುವಾಗ ಟ್ರಾನ್ಸ್‌ಫರ್ ಯೂನಿಟ್ 61 ಆಯಿತು.

ನಿಜವಾದ ಗಂಟು ಬಿಸಿನೆಸ್ ಕ್ಯಾಲ್ಕುಲಸ್. ಅವರ ಕಾಲೇಜಿನ ಎ.ಎಸ್.-ಟಿಗೆ ಸ್ಟ್ಯಾಟಿಸ್ಟಿಕ್ಸ್ ಸಾಕಾಗಿತ್ತು. ಆದರೆ ಅವರು ಹೋಗಬೇಕೆಂದಿದ್ದ ಕ್ಯಾಂಪಸ್‌ನ ಅಕೌಂಟಿಂಗ್ ಮೇಜರ್ ಪಟ್ಟಿಯಲ್ಲಿ ಕ್ಯಾಲ್ಕುಲಸ್ ಇತ್ತು. ಸೀಟು ಖಾತ್ರಿ ಇರುವುದು ಸಿಎಸ್‌ಯು ವ್ಯವಸ್ಥೆಯಲ್ಲಿ, ಇಂಥದ್ದೇ ಕ್ಯಾಂಪಸ್‌ನಲ್ಲಿ ಅಲ್ಲ. ಗಂಡನ ಕೆಲಸ, ಮಕ್ಕಳ ಶಾಲೆ ಬಿಟ್ಟು ದೂರದ ಕ್ಯಾಂಪಸ್‌ಗೆ ಹೋಗುವ ಸ್ಥಿತಿ ಅವರದ್ದಲ್ಲ. ಹಾಗಾಗಿ ಡಿಗ್ರಿಗೆ ಬೇಡದ ಕೋರ್ಸ್ ಅವರಿಗೆ ಬೇಕೇ ಬೇಕಾಗಿತ್ತು. ಎಸ್ಸೆಸ್ಸೆಲ್ಸಿ ನಂತರ ಸ್ಟ್ಯಾಟಿಸ್ಟಿಕ್ಸ್ ಒಂದು ಬಿಟ್ಟರೆ ಗಣಿತವನ್ನೇ ಮುಟ್ಟದವರು ಅವರು.

ಬೇಸಿಗೆಯ ಚಿಕ್ಕ ಅವಧಿಯಲ್ಲಿ ಅದನ್ನು ತೆಗೆದುಕೊಂಡರು. ಬೇಗ ಮುಗಿಯಲಿ ಎಂಬ ಆಸೆ. ಎರಡನೇ ಪರೀಕ್ಷೆಯ ಹೊತ್ತಿಗೆ ಡಿ ಬರುವುದು ಖಚಿತ ಅನ್ನಿಸಿತು. ಹೇಗೋ ಪಾಸಾಗುತ್ತೇನೆ ಎಂದು ಮುಂದುವರಿಯಬೇಕೋ, ಬಿಡಬೇಕೋ? ಕೊನೆಯ ದಿನಾಂಕದೊಳಗೆ ಬಿಟ್ಟರೆ ಟ್ರಾನ್ಸ್‌ಕ್ರಿಪ್ಟಿನಲ್ಲಿ ಡಬ್ಲ್ಯು ಎಂದು ಬರುತ್ತದೆ, ಜಿಪಿಎಗೆ, ಅಂದರೆ ಗ್ರೇಡ್‌ಗಳ ಸರಾಸರಿಗೆ, ತಾಗುವುದಿಲ್ಲ. ಡಿ ಬಂದರೆ ಜಿಪಿಎ ಇಳಿಯುತ್ತದೆ, ಮೇಜರ್‌ಗೂ ಅದು ಸಾಲದು. ಅವರು ಬಿಟ್ಟರು. ಅವತ್ತು ಅವರಿಗೆ ಅದು ಸೋಲು ಅನ್ನಿಸಿತ್ತು. ನನ್ನ ಪ್ರಕಾರ ಇಡೀ ಪ್ರಕರಣದ ಅತಿ ಒಳ್ಳೆಯ ನಿರ್ಧಾರ ಅದು. ಶರತ್ಕಾಲದ ಪೂರ್ತಿ ಸೆಮಿಸ್ಟರಿನಲ್ಲಿ ಅದನ್ನು ಮತ್ತೆ ತೆಗೆದುಕೊಂಡು, ಜೊತೆಗೆ ಅಮೆರಿಕದ ಇತಿಹಾಸ ಒಂದನ್ನೇ ಇಟ್ಟುಕೊಂಡರು. ಕಾಲೇಜಿನ ಉಚಿತ ಟ್ಯೂಟರಿಂಗ್‌ಗೆ ವಾರವಾರ ಹೋದರು. ಬಿ ಬಂತು.

ಅದೇ ಅಕ್ಟೋಬರ್, ನವೆಂಬರ್‌ನಲ್ಲಿ ಅರ್ಜಿ ಹಾಕಿದರು. ಬಾಕಿ ಇದ್ದ ರಾಜ್ಯಶಾಸ್ತ್ರ, ಭೌತವಿಜ್ಞಾನ, ಇನ್ನೊಂದು ಮಾನವಿಕ ವಿಷಯವನ್ನು 2023ರ ವಸಂತದಲ್ಲಿ ಮುಗಿಸುವುದಾಗಿ ಅರ್ಜಿಯಲ್ಲೇ ತೋರಿಸಿದರು. ಬೇಕಿದ್ದ ಕ್ಯಾಂಪಸ್‌ನಲ್ಲೇ ಸೀಟು ಸಿಕ್ಕಿತು.

ಸೇರಿದ ಮೇಲೆ

ಒಟ್ಟು ಟ್ರಾನ್ಸ್‌ಫರ್ ಯೂನಿಟ್ 77 ಆಗಿದ್ದವು. ಕಮ್ಯುನಿಟಿ ಕಾಲೇಜಿನಿಂದ ಸಿಎಸ್‌ಯು 70ಕ್ಕಿಂತ ಜಾಸ್ತಿ ಯೂನಿಟ್ ತೆಗೆದುಕೊಳ್ಳುವುದಿಲ್ಲ. ಏಳು ಯೂನಿಟ್ ಹೋಯಿತಲ್ಲ ಎಂದು ಅವರಿಗೆ ಗಾಬರಿ. ಇಲ್ಲಿ ಒಂದು ವಿಷಯ ತಿಳಿದಿರಬೇಕು. 70 ಮೀರಿದರೆ ಯೂನಿಟ್ ಸಿಗದು, ಆದರೆ ಆ ಕೋರ್ಸ್ ತೀರಿಸಿದ ಅವಶ್ಯಕತೆ ತೀರಿದ ಹಾಗೇ ಉಳಿಯುತ್ತದೆ. ಅವರ ಬಳಿ 18 ಯೂನಿಟ್ ಐಚ್ಛಿಕ ಇದ್ದದ್ದರಿಂದ ಈ ಕಡಿತ ಯಾವ ಖಾನೆಯನ್ನೂ ಖಾಲಿ ಮಾಡಲಿಲ್ಲ.

ಇಂಟರ್ಮೀಡಿಯಟ್ ಅಕೌಂಟಿಂಗ್ ಬಗ್ಗೆ ಅವರು ಸುಮ್ಮನಿರಲಿಲ್ಲ. ಹಳೆಯ ಸಿಲಬಸ್, ಪಠ್ಯಪುಸ್ತಕದ ಹೆಸರು, ತಾವು ಬರೆದಿದ್ದ ಪರೀಕ್ಷೆಯ ಪತ್ರಿಕೆಗಳನ್ನು ಜೋಡಿಸಿ ವಿಭಾಗಕ್ಕೆ ಮನವಿ ಕೊಟ್ಟರು. ವಿಭಾಗದವರು ಒಂದು ಪರೀಕ್ಷೆ ಕೊಟ್ಟು ನೋಡಿ, ಮೊದಲ ಇಂಟರ್ಮೀಡಿಯಟ್ ಕೋರ್ಸಿನಿಂದ ವಿನಾಯಿತಿ ಕೊಟ್ಟರು. ವಿನಾಯಿತಿ ಸಿಕ್ಕಿದ್ದು ವಿಷಯಕ್ಕೆ, ಯೂನಿಟ್‌ಗೆ ಅಲ್ಲ. ಅದರ ಬದಲು ಮೇಲಿನ ವರ್ಷದ ಇನ್ನೊಂದು ಅಕೌಂಟಿಂಗ್ ಕೋರ್ಸ್ ಓದಬೇಕಾಯಿತು. ಗೊತ್ತಿದ್ದದ್ದನ್ನೇ ಮತ್ತೆ ಕೂತು ಕೇಳುವ ಬದಲು ಅವರು ಹೊಸದೊಂದನ್ನು ಕಲಿತರು. ಇನ್‌ಕಮ್ ಟ್ಯಾಕ್ಸ್, ಕಾಸ್ಟ್ ಅಕೌಂಟಿಂಗ್ ಬಗೆಗಿನ ಮನವಿ ತಿರಸ್ಕಾರವಾಯಿತು. ಸಿಲಬಸ್ ಇಟ್ಟುಕೊಂಡಿರದಿದ್ದರೆ ಮೊದಲನೆಯದೂ ಸಿಗುತ್ತಿರಲಿಲ್ಲ.

2025ರ ಬೇಸಿಗೆಗೆ ಮುಂಚೆ, ಸಿಎಸ್‌ಯುನಲ್ಲಿ 56 ಯೂನಿಟ್ ಓದಿ ಅವರು ಬ್ಯಾಚುಲರ್ಸ್ ಮುಗಿಸಿದರು.

ಇದರಿಂದ ಏನು ತಿಳಿಯಿತು

ನನ್ನ ಮಟ್ಟಿಗೆ ಈ ಪ್ರಕರಣ ತಿರುಗಿದ್ದು ಪ್ರಶ್ನೆ ಬದಲಾದ ಜಾಗದಲ್ಲಿ. “ನನ್ನ ಕ್ರೆಡಿಟ್ ತೆಗೆದುಕೊಳ್ಳುತ್ತೀರಾ?” ಎಂದು ಕೇಳುವವರೆಗೆ ಎಲ್ಲರೂ ಹೌದು ಅಂದರು. “ಯಾವ ಖಾನೆಗೆ ಹಾಕುತ್ತೀರಿ, ಇನ್ನೆಷ್ಟು ಬಾಕಿ?” ಎಂದು ಕೇಳಿದ ಮೇಲೆ ನಿಜವಾದ ಉತ್ತರ ಬಂತು. ಈ ಪ್ರಶ್ನೆಯನ್ನು ಅವರು ಮೊದಲ ಡಿಗ್ರಿಯ ಎರಡನೇ ಸೆಮಿಸ್ಟರಿನಲ್ಲೇ ಕೇಳಿದ್ದರೆ ಪೇರೋಲ್, ಕ್ವಿಕ್‌ಬುಕ್ಸ್ ಜೊತೆಜೊತೆಗೇ ಎ.ಎಸ್.-ಟಿ ಕೂಡ ಮುಗಿಯುತ್ತಿತ್ತು. ಎರಡೂ ಡಿಗ್ರಿ ಒಟ್ಟಿಗೆ ತೆಗೆದುಕೊಳ್ಳಲು ಅಡ್ಡಿಯಿಲ್ಲ, ಅರ್ಧಕ್ಕರ್ಧ ಕೋರ್ಸ್‌ಗಳು ಎರಡಕ್ಕೂ ಬರುತ್ತವೆ. ಕೆಲಸಕ್ಕಾಗಿ ಓದಲು ಬಂದವರಿಗೂ ಮುಂದೆ ಬ್ಯಾಚುಲರ್ಸ್ ಮಾಡುವ ಆಸೆ ಹುಟ್ಟಬಹುದು ಎಂಬುದನ್ನು ಕೌನ್ಸೆಲರ್‌ಗಳು ಮೊದಲ ದಿನವೇ ಹೇಳಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ವಯಸ್ಸಾದ ಮೇಲೆ, ಮಕ್ಕಳನ್ನು ಕಟ್ಟಿಕೊಂಡು ಓದಲು ಬರುವವರಿಗೆ ಒಂದು ಸೆಮಿಸ್ಟರ್ ಅಂದರೆ ಸಣ್ಣ ಮಾತಲ್ಲ.

ಇದೇ ಹಾದಿಯಲ್ಲಿ ಇರುವವರು ತಮ್ಮ ಕಾಲೇಜಿನ ಕ್ಯಾಟಲಾಗ್ ತೆರೆದು ನೋಡಿ. ಪ್ರತಿ ಕೋರ್ಸಿನ ವಿವರದ ಜೊತೆ ಅದು ಸಿಎಸ್‌ಯುಗೆ, ಯೂಸಿಗೆ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಕ್ಕೆ) ಹೋಗುತ್ತದೆಯೇ ಎಂದು ಬರೆದಿರುತ್ತದೆ. ಆಮೇಲೆ ಅಸಿಸ್ಟ್‌ನಲ್ಲಿ ಮೇಜರ್ ಪ್ರಕಾರ ನೋಡಿ. ಹೋಗಬೇಕಾದ ಕ್ಯಾಂಪಸ್‌ನ ಪಟ್ಟಿ ಡಿಗ್ರಿಯ ಪಟ್ಟಿಗಿಂತ ಉದ್ದ ಇರಬಹುದು, ಕ್ಯಾಲ್ಕುಲಸ್ ವಿಷಯದಲ್ಲಿ ಆದ ಹಾಗೆ. ಸಾಮಾನ್ಯ ಶಿಕ್ಷಣದ ಪಟ್ಟಿ 2025ರ ಶರತ್ಕಾಲದಿಂದ ಬದಲಾಗಿದೆ. ಸಿಎಸ್‌ಯು, ಯೂಸಿ ಎರಡಕ್ಕೂ ಈಗ ಕ್ಯಾಲ್-ಜಿಇಟಿಸಿ ಎಂಬ ಒಂದೇ ಪಟ್ಟಿ, 34 ಯೂನಿಟ್. ಹಾಗಾಗಿ ಈ ಪ್ರಕರಣದ ಕೋರ್ಸ್ ಪಟ್ಟಿಯನ್ನು ಹಾಗೇ ನಕಲು ಮಾಡಿಕೊಳ್ಳಬೇಡಿ, ನಿಮ್ಮ ವರ್ಷದ್ದನ್ನು ನೋಡಿ. ಬೇರೆ ರಾಜ್ಯದಲ್ಲಿ ಇರುವವರಿಗೆ ನಿಯಮಗಳೇ ಬೇರೆ.

ಐಚ್ಛಿಕ ಖಾನೆಗೆ ಬಿದ್ದ ಆ ಟ್ಯಾಕ್ಸ್, ಕಾಸ್ಟ್ ಅಕೌಂಟಿಂಗ್ ಕೋರ್ಸ್‌ಗಳ ಕಥೆ ಅಲ್ಲಿಗೇ ಮುಗಿಯಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಸಿಪಿಎ ಪರೀಕ್ಷೆಗೆ ಕೂರಲು ಬ್ಯಾಚುಲರ್ಸ್ ಜೊತೆಗೆ ಅಕೌಂಟಿಂಗ್‌ನಲ್ಲಿ 24, ಬಿಸಿನೆಸ್ ವಿಷಯಗಳಲ್ಲಿ 24 ಯೂನಿಟ್ ತೋರಿಸಬೇಕಿತ್ತು. ಮಾನ್ಯತೆ ಪಡೆದ ಕಮ್ಯುನಿಟಿ ಕಾಲೇಜಿನ ಯೂನಿಟ್‌ಗಳನ್ನೂ ಅಲ್ಲಿ ಎಣಿಸುತ್ತಾರೆ. ವಿಶ್ವವಿದ್ಯಾಲಯ ಪಕ್ಕಕ್ಕಿಟ್ಟ ಯೂನಿಟ್‌ಗಳನ್ನು ಅವರು ಈ ಲೆಕ್ಕಕ್ಕೆ ಸೇರಿಸಿ ಅರ್ಜಿ ಹಾಕಿದ್ದಾರೆ. ಮೊದಲ ಪತ್ರಿಕೆಗೆ ಈಗ ಓದುತ್ತಿದ್ದಾರೆ.